ಮೂರು ಕಾಲಿನ ಕುರಿ ಮತ್ತು ಅಮ್ಮನ ಪೆಟ್ಟಿಗೆ

ಪ್ರಶ್ನೆ: ಅಮ್ಮ ತೀರಿಕೊಂಡು ಎಂಟು ತಿಂಗಳಾಯಿತು. ಮಂಗಳೂರಿನ ಮನೆ ಖಾಲಿ ಮಾಡುವಾಗ ಅವರ ಕ್ರಿಸ್ಮಸ್ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯಕ್ಕೆ ಇಡುವ, ಬಣ್ಣ ಮಾಸಿದ ಗೋದಲಿ ಬೊಂಬೆಗಳು, ಒಂದು ಕಾಲು ಮುರಿದ ಕುರಿ, ಹಳೆಯ ಗ್ರೀಟಿಂಗ್ ಕಾರ್ಡುಗಳು, ಐದಾರು ಗಾಜಿನ ಗುಂಡುಗಳು, ಕೊಕ್ಕಿಸಾಂ ಅನ್ನುವ ಹೂವಿನಾಕಾರದ ಕರಿದ ತಿಂಡಿಯ ಅಚ್ಚು, ಇಷ್ಟು ಇವೆ. ನಮ್ಮದು ಚಿಕ್ಕ ಫ್ಲ್ಯಾಟ್. ಮಕ್ಕಳಿಗೆ ಈ ಸಲ ಎಲ್ಲವೂ ಬಿಳಿ ಮತ್ತು ಚಿನ್ನದ ಬಣ್ಣದ್ದೇ ಬೇಕಂತೆ. ಅಜ್ಜಿಯ ಸಾಮಾನು ಇಟ್ಟರೆ ಗುಜರಿ ಅಂಗಡಿ ಥರ ಕಾಣುತ್ತದೆ ಅನ್ನುತ್ತಾರೆ. ಬಿಸಾಡಲು ನನಗೆ ಮನಸ್ಸು ಬರುತ್ತಿಲ್ಲ. ಏನು ಮಾಡಲಿ?
– ಓದುಗಿ, ಬೆಂಗಳೂರು

ಉತ್ತರ: ಬೇಜಾರು ಮಾಡ್ಕೊಬೇಡಿ, ಮಕ್ಕಳ ಮಾತಿನಲ್ಲಿ ಅರ್ಧ ನಿಜ ಇದೆ. ಪೆಟ್ಟಿಗೆಯಲ್ಲಿ ಇದ್ದದ್ದನ್ನೆಲ್ಲ ಒಂದೇ ಮೇಜಿನ ಮೇಲೆ ಸುರಿದರೆ ಗುಜರಿ ಅಂಗಡಿಯೇ ಆಗುತ್ತದೆ. ಅಮ್ಮ ಹೋದ ವರ್ಷ ನಾನೂ ಹಾಗೇ ಮಾಡಿದ್ದೆ. ಒಂದನ್ನೂ ಬಿಡಲಿಲ್ಲ. ಕಡೆಗೆ ಯಾವುದರ ಮೇಲೂ ಯಾರ ಕಣ್ಣೂ ನಿಲ್ಲಲಿಲ್ಲ.

ಮನೆಯೊಳಗೇ ಒಂದು ಪಾಲು ಪಟ್ಟಿ ಮಾಡಿಕೊಳ್ಳಿ. ಟ್ರೀ ಮಕ್ಕಳದ್ದು, ಗೋದಲಿ ನಿಮ್ಮದು. ಟ್ರೀಗೆ ಬಿಳಿಯೋ ಚಿನ್ನವೋ, ಅವರು ಏನಾದರೂ ಹಾಕಿಕೊಳ್ಳಲಿ, ನೀವು ಬಾಯಿ ಹಾಕಬೇಡಿ. ಗೋದಲಿಗೆ ಅವರು ಬಾಯಿ ಹಾಕುವ ಹಾಗಿಲ್ಲ.

ಈಗ ಆ ಕುರಿಯ ವಿಷಯ. ಬಂಟ್ವಾಳದ ನಮ್ಮ ಮನೆಯಲ್ಲೂ ಅಂಥದ್ದೊಂದಿತ್ತು. ಅಪ್ಪ ಮುರಿದ ಕಾಲಿನ ಜಾಗಕ್ಕೆ ಒಂದು ಬೆಂಕಿಕಡ್ಡಿ ಸಿಕ್ಕಿಸಿ ನಿಲ್ಲಿಸಿದ್ದರು. ಕಡ್ಡಿಯ ಮದ್ದು ತೆಗೆದಿರಲಿಲ್ಲ. ಹಾಗಾಗಿ ನಮ್ಮ ಕುರಿಗೆ ಮೂರು ಗೊರಸು ಬಿಳಿ, ಒಂದು ಕೆಂಪು. ಪ್ರತಿ ವರ್ಷ ಅದನ್ನು ಯಾರು ಇಡಬೇಕು ಅಂತ ನಾವು ನಾಲ್ವರು ಜಗಳ ಆಡುತ್ತಿದ್ದೆವು. ಚೆನ್ನಾಗಿದ್ದ ಕುರಿಗಳನ್ನು ಯಾರೂ ಕೇಳುತ್ತಿರಲಿಲ್ಲ. ನೀವೂ ಒಂದು ಕಡ್ಡಿ, ಒಂದು ತೊಟ್ಟು ಫೆವಿಕಾಲ್ ಹಾಕಿ, ಮಕ್ಕಳ ಕೈಯಲ್ಲೇ ಮಾಡಿಸಿ.

ಬೊಂಬೆಗಳು ಪ್ಲಾಸ್ಟರಿನವಾದರೆ ನೀರು ಸೋಕಿಸಬೇಡಿ. ಒಣ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು. ಬಟ್ಟೆಯ ಮೇಲೆ ಬಣ್ಣ ಹೋದ ಕಡೆ ಸ್ವಲ್ಪ ಪೋಸ್ಟರ್ ಕಲರ್ ಹಚ್ಚಬಹುದು. ಮುಖ ಮಾತ್ರ ಮುಟ್ಟಬೇಡಿ. ನನ್ನ ಗೆಳತಿಯೊಬ್ಬಳು ಇಡೀ ಸೆಟ್ಟಿಗೆ ಹೊಸದಾಗಿ ಎನಾಮಲ್ ಬಳಿಸಿದಳು. ಸಂತ ಜೋಸೆಫರು ಸಿನಿಮಾ ಪೋಸ್ಟರಿನ ಹೀರೋ ಥರ ಆದರು. ಪಾಪ, ಈಗ ಅವಳು ಅವರನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸುತ್ತಾಳೆ.

ಸೆಟ್ಟಿನಲ್ಲಿ ಒಂದೆರಡು ಬೊಂಬೆ ಕಡಿಮೆ ಇದ್ದರೂ ಕೊರಗಬೇಡಿ. 1223ರಲ್ಲಿ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊದಲ್ಲಿ ಗೋದಲಿ ಮಾಡಿಸಿದಾಗ ಅವರು ತರಿಸಿದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ನಿಮ್ಮ ಪೆಟ್ಟಿಗೆಯಲ್ಲಿ ಅದಕ್ಕಿಂತ ಜಾಸ್ತಿಯೇ ಇದೆ ಅಲ್ವಾ?

ಹೊಸದಾಗಿ ಬೇಕಾಗಿರುವುದು ಹಸಿರು ಒಂದೇ. ಊರಲ್ಲಿ ಅಮ್ಮ ತೆಂಗಿನ ಗೆರಟೆಯಲ್ಲಿ ಭತ್ತ ಬಿತ್ತಿ ಗದ್ದೆ ಮಾಡುತ್ತಿದ್ದದ್ದು ನೆನಪಿರಬೇಕು. ಬೆಂಗಳೂರಿನ ಡಿಸೆಂಬರ್ ಚಳಿಗೆ ಭತ್ತ ಮೇಲೇಳಲು ಸತಾಯಿಸುತ್ತದೆ. ರಾಗಿ ಅಥವಾ ಮೆಂತ್ಯ ಹಾಕಿ. 12ನೇ ತಾರೀಕಿನ ಹೊತ್ತಿಗೆ ರಾತ್ರಿ ನೆನೆಸಿಟ್ಟು, ಮರುದಿನ ಗೆರಟೆಯ ಮಣ್ಣಿಗೆ ಒತ್ತಾಗಿ ಉದುರಿಸಿ. ಕಿಟಕಿ ಹತ್ತಿರ ಇಟ್ಟು ನೀರು ಚಿಮುಕಿಸುತ್ತಿದ್ದರೆ ಹಬ್ಬಕ್ಕೆ ಕುರಿ ಮೇಯುವಷ್ಟು ಬರುತ್ತದೆ. ಬಾಲ ಯೇಸುವಿನ ಜಾಗ 24ರ ರಾತ್ರಿ ತನಕ ಖಾಲಿ ಇರಲಿ. ಯೇಸುವನ್ನು ನೋಡಲು ಬರುವ ಮೂವರು ರಾಜರನ್ನು ದೂರದ ಪುಸ್ತಕದ ಕಪಾಟಿನ ಮೇಲೆ ನಿಲ್ಲಿಸಿ, ಅವರ ಹಬ್ಬವಾದ ಜನವರಿ 6ಕ್ಕೆ ಗೋದಲಿ ತಲುಪುವ ಹಾಗೆ ದಿನಾ ಸ್ವಲ್ಪ ಸ್ವಲ್ಪ ಸರಿಸಿ. ಫ್ರಿಜ್ಜಿನ ಮೇಲೆ ಒಂದು ರಾತ್ರಿ ತಂಗಿದರೂ ಪರವಾಗಿಲ್ಲ.

ಕಾರ್ಡುಗಳಲ್ಲಿ ಮೂರೋ ನಾಲ್ಕೋ ಆರಿಸಿ. ಚಿತ್ರ ಚೆಂದ ಇರುವುದನ್ನಲ್ಲ, ಒಳಗೆ ಕೈಬರಹ ಜಾಸ್ತಿ ಇರುವುದನ್ನು. ಬಿಡಿಸಿ, ಚಿತ್ರ ಗೋಡೆಯ ಕಡೆ, ಅಕ್ಷರ ನಮ್ಮ ಕಡೆ ಬರುವಂತೆ ದಾರಕ್ಕೆ ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಿ. ಬಂದವರು ನಿಂತು ಓದುತ್ತಾರೆ. ಬಿಸಿಲು ಬೀಳುವ ಗೋಡೆಯಾದರೆ ಕಲರ್ ಜೆರಾಕ್ಸ್ ತೂಗುಹಾಕಿ, ಅಸಲನ್ನು ಒಳಗಿಡಿ.

ಗಾಜಿನ ಗುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ನಾನು ಒರೆಸಿದ್ದೆ. ಕೆಂಪು ಬಣ್ಣವೆಲ್ಲ ಬಟ್ಟೆಗೆ ಬಂತು, ಗುಂಡು ಬೋಳಾಯಿತು. ಅವನ್ನು ಅಮ್ಮನದೇ ಒಂದು ಗಾಜಿನ ಬಟ್ಟಲಿನಲ್ಲಿ ಹಾಕಿ ಊಟದ ಮೇಜಿನ ಮೇಲಿಡಿ.

ಕೊಕ್ಕಿಸಾಂ ಅಚ್ಚನ್ನು ಗೋಡೆಗೆ ನೇತುಹಾಕಬೇಡಿ. ಅದು ಎಣ್ಣೆಗೆ ಇಳಿಯಬೇಕಾದ ಸಾಮಾನು. ತುಕ್ಕು ಇದ್ದರೆ ಉಜ್ಜಿ ತೊಳೆದು ಒಣಗಿಸಿ, ಎಣ್ಣೆ ಸವರಿ ಒಂದು ರಾತ್ರಿ ಬಿಡಿ. ಮರುದಿನ ಕಾದ ಎಣ್ಣೆಯಲ್ಲೇ ಅಚ್ಚನ್ನೂ ಕಾಯಿಸಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಿ. ಪೂರ್ತಿ ಮುಳುಗಿಸಿದರೆ ಕೊಕ್ಕಿಸಾಂ ಅಚ್ಚು ಬಿಟ್ಟು ಬರುವುದಿಲ್ಲ. ಮೊದಲ ಎರಡು ಕೆಡುತ್ತವೆ, ಅವು ಅಡುಗೆಯವರಿಗೆ. ರಿಬ್ಬನ್ ಕಟ್ಟಿ ಟ್ರೀಗೆ ತೂಗಿಸೋಣ ಅಂತ ಮಕ್ಕಳು ಹೇಳಿದರೆ ಒಪ್ಪಬೇಡಿ. ಇರುವೆ!

ಪ್ರಶ್ನೆ: ಅಜ್ಜಿಯ ಮದುವೆಯ ಕೆಂಪು ಸೀರೆ, ಸಾಡೊ, ನನ್ನ ಹತ್ತಿರ ಇದೆ. ಅದನ್ನು ಕತ್ತರಿಸಿ ಹಬ್ಬಕ್ಕೆ ಕುಶನ್ ಕವರ್ ಹೊಲಿಸಿದರೆ ಹೇಗೆ?
– ಓದುಗಿ, ಉಡುಪಿ

ಉತ್ತರ: ಬೇಡ. ಕತ್ತರಿಸಿದ ಮೇಲೆ ನಿಮ್ಮ ಮಗಳು ಅದನ್ನು ಉಡಲಾರಳು. ಜರಿ ಸೀರೆ ಮಡಿಕೆಯಲ್ಲೇ ಹರಿಯುತ್ತದೆ. ಹೇಗೂ ಹೊರಗೆ ತೆಗೆದು ಮಡಿಕೆ ಬದಲಾಯಿಸಬೇಕು. ಅದೇ ನೆಪದಲ್ಲಿ ಹಬ್ಬದ ದಿನ ಗೋದಲಿಯ ಹಿಂದೆ ಪಿನ್ನು ಚುಚ್ಚದೆ ಇಳಿಬಿಡಿ. ಹತ್ತಿರ ಮೇಣದಬತ್ತಿ ಬೇಡ. ಕತ್ತರಿ ಆಡಿಸಲೇಬೇಕು ಅನಿಸಿದರೆ ಅಜ್ಜಿಯ ಹಳೆಯ ರವಿಕೆಗಳು ಇರಬೇಕು, ಹುಡುಕಿ.

ಪ್ರಶ್ನೆ: ನಾವು ಕ್ರೈಸ್ತರಲ್ಲ. ಎದುರುಮನೆ ನೋಡಿ ಆರು ವರ್ಷದ ಮಗಳು ಟ್ರೀ ಬೇಕು ಅಂತ ಹಟ ಹಿಡಿದಿದ್ದಾಳೆ. ಹೊಸದಾಗಿ ಏನೂ ಕೊಳ್ಳುವ ಆಸೆ ಇಲ್ಲ. ದಸರಾ ಗೊಂಬೆಗಳಿವೆ. ಬಳಸಬಹುದೇ?
– ಓದುಗರು, ಮೈಸೂರು

ಉತ್ತರ: ಧಾರಾಳವಾಗಿ. ಪಟ್ಟದ ಗೊಂಬೆಗಳನ್ನು ಮಾತ್ರ ತೆಗೆಯಬೇಡಿ, ಅವು ದಸರಾಕ್ಕೇ ಇರಲಿ. ಗಾಳಿಮರದ ಒಂದು ಕೊಂಬೆ ಸಿಕ್ಕರೆ ಬಕೆಟ್ಟಿನ ಮರಳಿನಲ್ಲಿ ನಿಲ್ಲಿಸಿ. ನಮ್ಮ ಕಡೆ ಬಹಳ ಮನೆಗಳಲ್ಲಿ ಅದೇ ಟ್ರೀ. ಚನ್ನಪಟ್ಟಣದ ಚಿಕ್ಕ ಬುಗುರಿ, ಗಿಲಕಿಗಳನ್ನು ದಾರ ಕಟ್ಟಿ ತೂಗಿಸಿ. ಅರಗಿನ ಬಣ್ಣ ದೀಪದ ಬೆಳಕಿಗೆ ಚೆನ್ನಾಗಿ ಮಿನುಗುತ್ತದೆ. ಹಳ್ಳಿ ಸೆಟ್ಟಿನ ಹಸು, ಬಾವಿ, ಎತ್ತಿನ ಗಾಡಿ ಬುಡದಲ್ಲಿರಲಿ. ಕೊಂಬೆ ಬೇಗ ಒಣಗುತ್ತದೆ, ಆದ್ದರಿಂದ 23ಕ್ಕೆ ತನ್ನಿ, ಮೊದಲೇ ಬೇಡ. 25ರ ಬೆಳಿಗ್ಗೆ ಮಗಳ ಕೈಯಲ್ಲಿ ಎದುರುಮನೆಗೆ ಒಂದು ತಟ್ಟೆ ಏನಾದರೂ ಸಿಹಿ ಕಳಿಸಿ. ತಟ್ಟೆ ಖಾಲಿ ಬರುವುದಿಲ್ಲ, ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳು, ತುಂಬಿಕೊಂಡೇ ಬರುತ್ತದೆ.