ರೆಪ್ಪೆಗೂದಲಿನಿಂದ ಶುರು ಮಾಡಿ

ನಮಸ್ಕಾರ.

ಟ್ರಕೋಮಾ ಎಂಬ ಕಣ್ಣಿನ ಸೋಂಕುರೋಗದ ಬಗ್ಗೆ ನೀವು ಕಳಿಸಿದ ‘ಟ್ರಕೋಮಾ ಮುಕ್ತ ಭಾರತ’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಮೊದಲ ಎರಡು ಪ್ಯಾರಾ ಪೂರ್ತಿ ಕಣ್ಣಿನ ಮಹಿಮೆ. ಹೊಡೆದು ಹಾಕಿ. ನಿಮ್ಮ ನಿಜವಾದ ಲೇಖನ ಮೂರನೇ ಪುಟದಲ್ಲಿ ಅವಿತು ಕೂತಿದೆ: ‘ರೆಪ್ಪೆಗೂದಲು ಒಳಮುಖವಾಗಿ ದೃಷ್ಟಿನಾಶವಾಗುತ್ತದೆ.’ ಇದನ್ನು ಇಷ್ಟು ಸಲೀಸಾಗಿ ದಾಟಿಬಿಟ್ಟರೆ ಹೇಗೆ? ಕಣ್ಣಿಗೆ ಒಂದು ಕಸ ಬಿದ್ದರೇ ನಾವು ಕುಣಿದಾಡುತ್ತೇವೆ, ಅಲ್ವಾ? ಇಲ್ಲಿ ಚಿಕ್ಕಂದಿನಿಂದ ಮತ್ತೆ ಮತ್ತೆ ಸೋಂಕಾಗಿ ಮೇಲಿನ ರೆಪ್ಪೆಯ ಒಳಭಾಗ ಕಲೆಗಟ್ಟುತ್ತದೆ, ಅಂಚು ಒಳಕ್ಕೆ ಮಗುಚುತ್ತದೆ. ಆಮೇಲೆ ಕಣ್ಣು ಮಿಟುಕಿಸಿದಾಗಲೆಲ್ಲ ಕೂದಲು ಕರಿಗುಡ್ಡೆಯನ್ನು ಗೀರುತ್ತದೆ. ವರ್ಷಗಟ್ಟಲೆ. ತಡೆಯಲಾರದೆ ಚಿಮಟ ಹಿಡಿದು ತಮ್ಮ ರೆಪ್ಪೆಗೂದಲನ್ನು ತಾವೇ ಕೀಳುವವರಿದ್ದಾರೆ. ಅದು ಮತ್ತೆ ಮೊಳೆಯುತ್ತದೆ. ಹೆಂಗಸರಿಗೇ ಈ ಕಾಟ ಜಾಸ್ತಿ. ಸೋಂಕು ಇರುವುದು ಮಕ್ಕಳಲ್ಲಿ, ಮಕ್ಕಳು ಇರುವುದು ಅವರ ಕಂಕುಳಲ್ಲಿ.

‘ಸ್ವಚ್ಛತೆಯ ಕೊರತೆಯಿಂದ ಹರಡುತ್ತದೆ’ ಅನ್ನುವುದು ಸುಮ್ನೆ ಪೋಸ್ಟರ್ ಭಾಷೆ. ಒಂದೇ ಸೆರಗಿನಲ್ಲಿ ಮೂರು ಮಕ್ಕಳ ಪಿಸುರು ಒರೆಸುವುದನ್ನು ತೋರಿಸಿ. ಆ ಪಿಸುರಿಗೆ ಮುತ್ತುವ ನೊಣ ಬಯಲಲ್ಲಿ ಬಿದ್ದ ಮಲದಲ್ಲಿ ಮೊಟ್ಟೆಯಿಡುತ್ತದೆ ಅಂತ ಬರೆಯಿರಿ. ಕಣ್ಣಿಗೂ ಪಾಯಿಖಾನೆಗೂ ಏನು ಸಂಬಂಧ ಅಂತ ಆಮೇಲೆ ವಿವರಿಸಬೇಕಿಲ್ಲ.

ಇನ್ನು ತಪ್ಪುಗಳು. ಟ್ರಕೋಮಾ ‘ಮದ್ರಾಸ್ ಐನ ಅಣ್ಣ’ ಅಲ್ಲ. ಮದ್ರಾಸ್ ಐ ಸಾಮಾನ್ಯವಾಗಿ ವೈರಸ್‌ನಿಂದ ಬರುತ್ತದೆ, ವಾರ ಹದಿನೈದು ದಿನದಲ್ಲಿ ಹೋಗುತ್ತದೆ. ಇದು ಕ್ಲಮೈಡಿಯಾ ಎಂಬ ಬ್ಯಾಕ್ಟೀರಿಯಾದ ಕೆಲಸ. ಸೋಂಕು ಹೆಚ್ಚಿರುವ ಕಡೆ ಊರಿಗೆ ಊರೇ ಅಜಿತ್ರೊಮೈಸಿನ್ ಎಂಬ ಆಂಟಿಬಯೋಟಿಕ್ ನುಂಗಬೇಕಾಗುತ್ತದೆ. ಈ ರೋಗವನ್ನು ಹತೋಟಿಗೆ ತಂದವರಲ್ಲಿ ‘ಜಗತ್ತಿನಲ್ಲೇ ಮೊದಲು’ ನಾವಲ್ಲ. ಒಮಾನ್ 2012ರಲ್ಲಿ, ನೇಪಾಳ 2018ರಲ್ಲೇ ಗೆದ್ದಿವೆ. ವಿಶ್ವ ಆರೋಗ್ಯ ಸಂಸ್ಥೆ ನಮಗೆ ಮನ್ನಣೆ ಕೊಟ್ಟಿದ್ದು 2024ರ ಅಕ್ಟೋಬರ್‌ನಲ್ಲಿ. 1963ರಲ್ಲಿ ಶುರುವಾದ ಕೆಲಸ! ಅರವತ್ತು ವರ್ಷವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಈ ಕಾಯಿಲೆ ಹೆಚ್ಚು ಕಾಡಿದ ರಾಜಸ್ಥಾನ, ಗುಜರಾತ್, ಪಂಜಾಬಿನ ಹೆಸರೇ ಇಲ್ಲ.

‘ಮುಕ್ತ’ ಪದದ ಬಗ್ಗೆಯೂ ನನಗೆ ತಕರಾರಿದೆ. ಒಬ್ಬ ರೋಗಿಯೂ ಉಳಿದಿಲ್ಲ ಅಂತ ಅದರ ಅರ್ಥವಲ್ಲ. 1ರಿಂದ 9 ವರ್ಷದ ಮಕ್ಕಳಲ್ಲಿ ಸೋಂಕಿನ ಲಕ್ಷಣ ಶೇ 5ಕ್ಕಿಂತ ಕಡಿಮೆ ಇರಬೇಕು ಅನ್ನುವುದು ಒಂದು ಅಳತೆ. ರೆಪ್ಪೆ ಮಗುಚಿಕೊಂಡವರಿಗೆ ಆಪರೇಷನ್ ಮಾಡುವ ಏರ್ಪಾಡು ಮುಂದೆಯೂ ಇರಲೇಬೇಕು.

ಎಂಟುನೂರು ಪದ ಸಾಕು. ತಿದ್ದಿ ಕಳಿಸಿ, ಶೀರ್ಷಿಕೆ ನಾನು ಇಡುತ್ತೇನೆ.

— ಸಂಪಾದಕ