ಮೀನಿಗೆ ತಂದ ಕ್ರಿಕೆಟ್ ಹುಳ ಮನೆ ತುಂಬಾ ಓಡಾಡುತ್ತಿದ್ದರೆ…

ಪ್ರಶ್ನೆ: ನಮ್ಮ ಮನೆಯಲ್ಲಿ ಸಿಲ್ವರ್ ಅರೋವಾನಾ ಮೀನು ಇದೆ. ಅದಕ್ಕೆ ಹಾಕಲು ಆಗಾಗ ಕಪ್ಪು ಕ್ರಿಕೆಟ್ ಹುಳ ತರಿಸುತ್ತೇನೆ. ಕ್ಲಿಪ್ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿ ಇಟ್ಟಿದ್ದೇನೆ. ಮುಚ್ಚಳಕ್ಕೆ ತೂತು ಮಾಡಿ ಸೊಳ್ಳೆ ಮೆಶ್ ಅಂಟಿಸಿದ್ದೇನೆ. ಆದರೂ ರಾತ್ರಿಯಾದರೆ ಫ್ರಿಜ್ ಹಿಂದಿನಿಂದ ಕಿರ್ ಕಿರ್ ಸದ್ದು. ಈಗ ಒಂದು ವಾರದಿಂದ ಅಡುಗೆಮನೆ ನೆಲದ ಮೇಲೆ ಇರುವೆಯಷ್ಟು ಚಿಕ್ಕದು ಏನೋ ಜಿಗಿಯುತ್ತಿವೆ. ‘ಇನ್ನೊಂದು ಹುಳ ಕಂಡರೆ ಡಬ್ಬ ಆಚೆ ಹಾಕ್ತೀನಿ’ ಅಂತ ಅತ್ತೆ ಹೇಳಿದ್ದಾರೆ. ಏನು ಮಾಡಲಿ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಆ ಜಿಗಿಯುವ ಚಿಕ್ಕವು ನಿಮ್ಮ ಹುಳಗಳ ಮರಿಗಳೇ. ಅಂದರೆ ನಿಮ್ಮ ಡಬ್ಬದಲ್ಲಿ ಎರಡು ತೊಂದರೆ ಇವೆ. ದೊಡ್ಡವು ಒಂದು ದಾರಿಯಲ್ಲಿ ಹೊರಗೆ ಬರುತ್ತಿವೆ, ಮರಿಗಳು ಇನ್ನೊಂದು ದಾರಿಯಲ್ಲಿ.

ಮೊದಲು ದೊಡ್ಡವುಗಳ ವಿಷಯ. ಸೊಳ್ಳೆ ಮೆಶ್ ಅಂದಿರಿ. ಕಿಟಕಿಗೆ ಹಾಕುವ ಬೂದು ಬಣ್ಣದ, ಬಟ್ಟೆಯಂತೆ ಮಡಚಬಹುದಾದ ಮೆಶ್ ತಾನೇ? ಅದು ಫೈಬರ್. ಕ್ರಿಕೆಟ್ ಹುಳದ ದವಡೆಗೆ ಅದು ಲೆಕ್ಕಕ್ಕೇ ಇಲ್ಲ. ಬಟ್ಟೆ, ನೈಲಾನ್ ಬಲೆ, ತೆಳು ರಟ್ಟು ಯಾವುದನ್ನೂ ಅವು ಬಿಡುವುದಿಲ್ಲ. ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿ. ಮೆಶ್ ಅಂಚಿನಲ್ಲಿ, ಅಂಟು ಹಾಕಿದ ಕಡೆ, ಎಳೆಗಳು ಕತ್ತರಿಸಿ ತುದಿ ಎದ್ದಿರುತ್ತವೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಟೀಲ್ ಮೆಶ್ ಕೇಳಿ ತನ್ನಿ. ಇದ್ದುದರಲ್ಲಿ ಸಣ್ಣ ಕಣ್ಣಿನದೇ ಬೇಕು. ಮುಚ್ಚಳದ ತೂತಿಗಿಂತ ಎಲ್ಲಾ ಕಡೆ ಒಂದು ಇಂಚು ಜಾಸ್ತಿ ಬಿಟ್ಟು ಕತ್ತರಿಸಿ, ಅಕ್ವೇರಿಯಂ ಸಿಲಿಕೋನ್‌ನಿಂದ ಅಂಟಿಸಿ. ಒಂದು ಇಡೀ ದಿನ ಒಣಗಿ, ಹುಳಿ ವಾಸನೆ ಪೂರ್ತಿ ಹೋದ ಮೇಲೆ ಬಳಸಿ. ತೂತು ಚಿಕ್ಕದಾಗಿ ಮಾಡಿದರೆ ಹುಳ ಭದ್ರ ಅಂತ ಕೆಲವರು ಅಂದುಕೊಳ್ಳುತ್ತಾರೆ. ಗಾಳಿ ಕಡಿಮೆಯಾದರೆ ಒಳಗೆ ತೇವ ನಿಲ್ಲುತ್ತದೆ, ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ, ಹುಳಗಳು ಗುಂಪಾಗಿ ಸಾಯುತ್ತವೆ. ಮುಚ್ಚಳದ ಅರ್ಧ ಭಾಗ ಮೆಶ್ ಇದ್ದರೂ ತಪ್ಪಿಲ್ಲ.

ಮೆಶ್ ಸರಿಯಾದ ಮೇಲೂ ಕ್ಲಿಪ್ ಡಬ್ಬವನ್ನು ನಂಬಬೇಡಿ. ಅದರ ನಾಲ್ಕು ಮೂಲೆಗಳಲ್ಲಿ ಮುಚ್ಚಳ ಸ್ವಲ್ಪ ಎದ್ದೇ ಕೂತಿರುತ್ತದೆ. ಪರೀಕ್ಷೆ ಮಾಡುವುದು ಸುಲಭ. ಖಾಲಿ ಡಬ್ಬದೊಳಗೆ ಮೊಬೈಲ್ ಟಾರ್ಚ್ ಹಾಕಿ ಮುಚ್ಚಳ ಮುಚ್ಚಿ, ಕೋಣೆಯ ದೀಪ ಆರಿಸಿ, ಸುತ್ತಲೂ ಬಗ್ಗಿ ನೋಡಿ. ಅಂಚಿನಲ್ಲಿ ಎಲ್ಲೆಲ್ಲಿ ಬೆಳಕಿನ ಗೆರೆ ಕಾಣುತ್ತದೋ ಅಲ್ಲೆಲ್ಲಾ ದಾರಿ ಇದೆ. ಆ ಜಾಗಕ್ಕೆ ಬಾಗಿಲ ಸಂದಿಗೆ ಅಂಟಿಸುವ ಫೋಮ್ ಪಟ್ಟಿ ಹಾಕಬಹುದು. ಆದರೆ ಹುಳದ ಬಾಯಿಗೆ ಎಟುಕದಂತೆ ಮುಚ್ಚಳದ ಹೊರ ಅಂಚಿಗೆ ಹಾಕಿ.

ನಿಜ ಹೇಳಬೇಕೆಂದರೆ, ಮುಚ್ಚಳಕ್ಕಿಂತ ಗೋಡೆಯೇ ಮುಖ್ಯ. ಈ ಕಪ್ಪು ಹುಳಕ್ಕೆ ಹಲ್ಲಿಯ ಹಾಗೆ ನುಣುಪು ಗೋಡೆ ಹತ್ತಲು ಆಗುವುದಿಲ್ಲ. ಹಾಗಿದ್ದೂ ಅದು ಮೇಲೆ ಬರುತ್ತಿದೆ ಅಂದರೆ ಅದಕ್ಕೆ ಮೆಟ್ಟಿಲು ಸಿಕ್ಕಿದೆ ಎಂದೇ ಅರ್ಥ. ಹುಳ ಅಡಗಿ ಕೂರಲು ಇಡುವ ರಟ್ಟಿನ ಮೊಟ್ಟೆ ಟ್ರೇಗಳನ್ನು ಅಂಚಿನವರೆಗೆ ಜೋಡಿಸಿದ್ದೀರಾ? ಗೋಡೆಗೆ ಒಣಗಿದ ಕೊಳೆ ಅಂಟಿದೆಯಾ? ಗೀರು ಬಿದ್ದ ಹಳೇ ಡಬ್ಬವಾ? ಇವೆಲ್ಲಾ ಕಾಲೂರಲು ಸಾಕು. ಡಬ್ಬ ಒಂದೂವರೆ ಅಡಿ ಎತ್ತರ ಇರಲಿ. ಟ್ರೇಗಳ ತುದಿ ಅಂಚಿಗಿಂತ ಅರ್ಧ ಅಡಿಯಾದರೂ ಕೆಳಗಿರಲಿ. ಒಳಗೋಡೆಯ ಮೇಲ್ಭಾಗ ಒರೆಸಿ, ಎರಡು ಇಂಚಿನ ಪ್ಯಾಕಿಂಗ್ ಟೇಪನ್ನು ಸುಕ್ಕಿಲ್ಲದಂತೆ ಸುತ್ತಲೂ ಅಂಟಿಸಿ. ಟೇಪಿನ ನುಣುಪಿನ ಮೇಲೆ ಕಾಲು ಜಾರಿ ಹುಳ ಕೆಳಗೆ ಬೀಳುತ್ತದೆ. ಅದರ ಮೇಲೆ ಧೂಳು ಕೂತರೆ ಕೆಲಸ ಕೆಟ್ಟಿತು. ಅದಕ್ಕೇ ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಗೋಡೆ ಎಷ್ಟೇ ಚೆನ್ನಾಗಿದ್ದರೂ ಮುಚ್ಚಳ ತೆರೆದಿಡಬೇಡಿ. ಬೆಳೆದ ಕಪ್ಪು ಹುಳಕ್ಕೆ ರೆಕ್ಕೆ ಇರುತ್ತದೆ, ಕೆಲವು ಹಾರುತ್ತವೆ, ರಾತ್ರಿ ದೀಪದ ಕಡೆಗೇ ಬರುತ್ತವೆ.

ಇನ್ನು ಮರಿಗಳು. ಕುಡಿಯಲಿ ಅಂತ ಒದ್ದೆ ಹತ್ತಿ ಇಟ್ಟಿರುತ್ತೀರಿ ಅಲ್ವಾ? ಹೆಣ್ಣು ಹುಳದ ಹಿಂದೆ ಸೂಜಿಯಂಥ ಉದ್ದ ಕೊಳವೆ ಇರುತ್ತದೆ. ಅದನ್ನು ತೇವ ಇರುವ ಯಾವುದಕ್ಕಾದರೂ ಚುಚ್ಚಿ ಮೊಟ್ಟೆ ಇಡುತ್ತದೆ. ಮಣ್ಣು, ತೆಂಗಿನ ನಾರಿನ ಪುಡಿ, ಸ್ಪಾಂಜ್, ಹತ್ತಿ ಎಲ್ಲಾ ಆಗುತ್ತದೆ. ಹಳೇ ಹತ್ತಿಯನ್ನು ಬಿಡಿಸಿ ನೋಡಿದರೆ ಸಣ್ಣ ಅಕ್ಕಿ ನುಚ್ಚಿನಂಥ ಹಳದಿ ಮಿಶ್ರಿತ ಬಿಳಿ ಮೊಟ್ಟೆಗಳು ಕಾಣುತ್ತವೆ. 28–30 ಡಿಗ್ರಿ ಸೆಕೆ ಇದ್ದರೆ ಹತ್ತು ಹದಿನೈದು ದಿನದಲ್ಲಿ ಒಡೆಯುತ್ತವೆ. ಮರಿ ಎರಡು ಮೂರು ಮಿಲಿಮೀಟರ್ ಇದ್ದರೆ ಜಾಸ್ತಿ. ಕಿಟಕಿ ಮೆಶ್‌ನ ಕಣ್ಣು ಅದಕ್ಕೆ ಬಾಗಿಲು. ನಿಮಗೆ ಮರಿ ಬೇಡವಾದರೆ ಎರಡು ದಿನಕ್ಕೊಮ್ಮೆ ಹತ್ತಿ ಬದಲಿಸಿ, ಹಳೆಯದನ್ನು ಬಿಸಿನೀರಿಗೆ ಹಾಕಿ ಆಮೇಲೆ ಎಸೆಯಿರಿ. ಹಾಗೇ ಕಸದ ಬುಟ್ಟಿಗೆ ಹಾಕಿದರೆ ಮರಿಗಳು ಬುಟ್ಟಿಯಿಂದ ಏಳುತ್ತವೆ. ಇನ್ನೂ ಸುಲಭ ಅಂದರೆ, ಹತ್ತಿಯನ್ನೇ ಬಿಟ್ಟು ದಿನಾ ಒಂದು ತುಂಡು ತೊಳೆದ ಕ್ಯಾರೆಟ್ ಹಾಕಿ ಮಾರನೇ ದಿನ ತೆಗೆಯಿರಿ. ನೀರಿನಂಶ ಅದರಲ್ಲೇ ಸಿಗುತ್ತದೆ. ಮರಿ ಮಾಡಿಸಲೇಬೇಕು ಅಂದರೆ ಸ್ಟೀಲ್ ಮೆಶ್ ಮೇಲುಗಡೆ ತೆಳು ಮಲ್ ಬಟ್ಟೆ ಬಿಗಿದು ಕಟ್ಟಿ. ಸ್ಟೀಲ್ ಕೆಳಗೆ, ಬಟ್ಟೆ ಮೇಲೆ. ತಿರುವುಮುರುವಾದರೆ ಬಟ್ಟೆ ಕಡಿದು ಹಾಕುತ್ತವೆ.

ಇಷ್ಟೆಲ್ಲಾ ಮಾಡಿದ ಮೇಲೂ ಹುಳ ಕಂಡರೆ ಅದು ತಪ್ಪಿಸಿಕೊಂಡದ್ದು ನೀವು ಡಬ್ಬ ತೆರೆದಾಗಲೇ. ಆ ಎರಡು ನಿಮಿಷವೇ ಅಪಾಯದ್ದು. ಅಡುಗೆಮನೆಯಲ್ಲಿ ತೆರೆಯಬೇಡಿ. ಬಚ್ಚಲುಮನೆಗೆ ಒಯ್ದು, ಬಾಗಿಲು ಹಾಕಿ, ನೀರು ಹೋಗುವ ಜಾಲರಿಯ ಮೇಲೆ ಮಗ್ ಬೋರಲು ಹಾಕಿ ತೆರೆಯಿರಿ. ಕೈ ಹಾಕಿ ಹಿಡಿಯಲು ಹೋಗಬೇಡಿ. ಹಿಂಗಾಲು ಹಿಡಿದರೆ ಕಾಲನ್ನು ನಿಮ್ಮ ಬೆರಳಲ್ಲೇ ಬಿಟ್ಟು ಹುಳ ಓಡುತ್ತದೆ. ಡಬ್ಬದೊಳಗೆ ಟಿಶ್ಯೂ ಪೇಪರ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆ ಇಟ್ಟಿರಿ. ಕತ್ತಲೆ ಹುಡುಕಿಕೊಂಡು ಹುಳಗಳು ತಾವೇ ಒಳಗೆ ಸೇರುತ್ತವೆ. ಎರಡೂ ತುದಿಗೆ ಅಂಗೈ ಇಟ್ಟು ಎತ್ತಿ, ಎತ್ತರದ ಬಕೆಟ್‌ಗೆ ಕೊಡವಿ. ಬೇಕಾದಷ್ಟನ್ನು ಮುಚ್ಚಳದ ಲೋಟಕ್ಕೆ ಹಾಕಿ ಐದು ನಿಮಿಷ ಫ್ರಿಜ್‌ನಲ್ಲಿ ಇಟ್ಟರೆ ಮಂಕಾಗುತ್ತವೆ, ಜಿಗಿಯುವುದಿಲ್ಲ. ಫ್ರೀಜರ್‌ನಲ್ಲಿ ಬೇಡ. ಮೀನಿಗೆ ಹಾಕುವಾಗ ಉದ್ದ ಚಿಮ್ಮಟದಲ್ಲಿ ಮೈ ಹಿಡಿದು ಒಂದೊಂದೇ ಹಾಕಿ. ಮೀನು ಬಿಟ್ಟ ಹುಳ ಮುಳುಗುವುದಿಲ್ಲ. ತೇಲುತ್ತಾ ಹೋಗಿ ಏರ್ ಪೈಪ್ ಹಿಡಿದು ಹತ್ತುತ್ತದೆ, ಅಲ್ಲಿಂದ ಫ್ರಿಜ್ ಹಿಂದೆ. ನಿಮ್ಮ ಕಿರ್ ಕಿರ್ ಶುರುವಾದದ್ದು ಹೀಗೇ ಇರಬಹುದು.

ಈಗಾಗಲೇ ಹೊರಗಿರುವವಕ್ಕೆ ಬಲೆ ಹಾಕಿ. ಉದ್ದ ಗಾಜಿನ ಬಾಟಲಿ ತೊಳೆದು ಒಣಗಿಸಿ, ಒಳಗೆ ಕ್ಯಾರೆಟ್ ತುಂಡು, ಸ್ವಲ್ಪ ಬೂಸಾ ಹಾಕಿ. ಹೊರಗಿನಿಂದ ಬಾಯಿಯವರೆಗೆ ಒರಟು ರಟ್ಟಿನ ಪಟ್ಟಿ ಓರೆಯಾಗಿ ಇಟ್ಟು, ಫ್ರಿಜ್ ಪಕ್ಕ ರಾತ್ರಿಯಿಡೀ ಬಿಡಿ. ಒಳಗೆ ಬಿದ್ದದ್ದು ಗಾಜು ಹತ್ತಿ ಬರಲಾರದು. ದಯವಿಟ್ಟು ಹಿಟ್ ಥರದ ಸ್ಪ್ರೇ, ಇರುವೆ ಚಾಕ್ ಬೇಡ. ಅವುಗಳಲ್ಲಿರುವ ಪೈರೆಥ್ರಾಯ್ಡ್ ಔಷಧಿ ಮೀನಿಗೆ ಭಾರೀ ವಿಷ. ಮನೆಯಲ್ಲಿ ಓಡಾಡಿ ಸಿಕ್ಕ ಹುಳವನ್ನೂ ಮೀನಿಗೆ ಹಾಕಬೇಡಿ. ಅದು ಎಲ್ಲಿ ಏನು ಮೆಟ್ಟಿದೆಯೋ ಯಾರಿಗೆ ಗೊತ್ತು. ಡಬ್ಬ ಇರುವ ಕೋಣೆಯಲ್ಲಿ ಸೊಳ್ಳೆ ಲಿಕ್ವಿಡ್ ಮೆಷಿನ್ ಹಚ್ಚಿದರೂ ಹುಳಗಳು ಕಾಲು ಸೆಟೆದು ಬೀಳುತ್ತವೆ.

ಅತ್ತೆಗೆ ಒಂದು ಮಾತು ಹೇಳಿ. ಈ ಹುಳ ಜಿರಳೆಯ ಥರ ಮನೆಯಲ್ಲಿ ಸುಲಭಕ್ಕೆ ಬೀಡುಬಿಡುವುದಿಲ್ಲ. ಮೊಟ್ಟೆಗೆ ತೇವದ ಜಾಗ ಬೇಕು. ಬಾಲ್ಕನಿಯ ಹೂಕುಂಡದಿಂದ ಡಬ್ಬವನ್ನು ದೂರ ಇಟ್ಟರೆ, ಅಡುಗೆಮನೆ ಒಣಗಿದ್ದರೆ, ಹೊರಗಿರುವವು ಕೆಲವು ವಾರಗಳಲ್ಲಿ ಮುಗಿಯುತ್ತವೆ.

ಪ್ರಶ್ನೆ: ಮಗ ಬಿಯರ್ಡೆಡ್ ಡ್ರ್ಯಾಗನ್ ಎಂಬ ಓತಿಕ್ಯಾತ ಸಾಕಿದ್ದಾನೆ. ಮೊದಲು ಅಂಗಡಿಯಲ್ಲಿ ಸಿಗುತ್ತಿದ್ದ ಕ್ರಿಕೆಟ್‌ಗಳು ನಿಧಾನ ಇದ್ದವು. ಈಗ ಕೊಡುವವು ಡಬ್ಬ ತೆರೆದ ತಕ್ಷಣ ಚಿಮ್ಮುತ್ತವೆ. ಯಾಕೆ?
– ಓದುಗರು, ನ್ಯೂಜೆರ್ಸಿ

ಉತ್ತರ: ಅಂಗಡಿಯವರು ಜಾತಿ ಬದಲಿಸಿರಬೇಕು. 2010ರ ಆಸುಪಾಸಿನಲ್ಲಿ ಅಮೆರಿಕದ ಫಾರ್ಮ್‌ಗಳಲ್ಲಿ ಕಂದು ಬಣ್ಣದ ಹೌಸ್ ಕ್ರಿಕೆಟ್‌ಗೆ ವೈರಸ್ ತಗುಲಿ ರಾಶಿ ರಾಶಿ ಸತ್ತವು. ಆಮೇಲೆ ಹಲವರು ಆ ರೋಗ ತಡೆದುಕೊಳ್ಳುವ ಬ್ಯಾಂಡೆಡ್ ಕ್ರಿಕೆಟ್ ಸಾಕಲು ಶುರು ಮಾಡಿದರು. ಮೈಮೇಲೆ ಅಡ್ಡ ಪಟ್ಟೆ ಇದ್ದರೆ ಅದೇ. ಬಹಳ ಚುರುಕು. ಇದಕ್ಕೆ ಡಬ್ಬ ಇನ್ನೂ ಎತ್ತರದ್ದೇ ಬೇಕು, ಕೊಡುವ ಮುನ್ನ ಐದು ನಿಮಿಷ ಫ್ರಿಜ್ ಬೇಕೇ ಬೇಕು. ಇನ್ನೊಂದು ಮುಖ್ಯ ವಿಷಯ: ಡ್ರ್ಯಾಗನ್ ತಿನ್ನದೆ ಬಿಟ್ಟ ಹುಳಗಳನ್ನು ರಾತ್ರಿ ಅದರ ಗೂಡಿನಲ್ಲಿ ಬಿಡಬೇಡಿ. ಹಸಿದ ಕ್ರಿಕೆಟ್ ಮಲಗಿದ ಪ್ರಾಣಿಯ ಬೆರಳು, ಕಣ್ಣಂಚು ಕಡಿಯುತ್ತದೆ. ಮಗನಿಗೆ ಎಣಿಸಿ ಹಾಕಿ, ಎಣಿಸಿ ತೆಗೆಯಲು ಕಲಿಸಿ.

ಪ್ರಶ್ನೆ: ಹುಳ ಹೊರಗೆ ಬರುವುದಿಲ್ಲ. ಆದರೆ ಇರುವೆ ಒಳಗೆ ಹೋಗಿ ಒಂದೇ ರಾತ್ರಿಯಲ್ಲಿ ಎಲ್ಲಾ ಮುಗಿಸಿದವು.
– ಓದುಗರು, ಪುತ್ತೂರು

ಉತ್ತರ: ಸತ್ತ ಹುಳದ ವಾಸನೆಗೇ ಇರುವೆ ಬರುವುದು. ದಿನಾ ಸತ್ತವನ್ನು, ಉಳಿದ ತರಕಾರಿಯನ್ನು ತೆಗೆಯಿರಿ. ಸಕ್ಕರೆ ಡಬ್ಬವನ್ನು ನೀರಿನ ತಟ್ಟೆಯಲ್ಲಿ ಇಡುತ್ತೇವಲ್ಲ, ಅದೇ ಉಪಾಯ ಇಲ್ಲೂ ನಡೆಯುತ್ತದೆ. ಸ್ಟೂಲ್‌ನ ನಾಲ್ಕೂ ಕಾಲನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ, ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ. ಡಬ್ಬ ಗೋಡೆಗೆ ತಾಗದಿರಲಿ, ಕಿಟಕಿ ಪರದೆಯೂ ತಾಗದಿರಲಿ. ಮಳೆಗಾಲದಲ್ಲಿ ಬಟ್ಟಲಿನ ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಮರಿ ಆಗುತ್ತವೆ.