ಹಳೆ ಚರ್ಚಿನ ಕೆಲಸಕ್ಕೆ ಅನುಭವದ ಪತ್ರ ಸಾಕಾ?

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿ ಕಲ್ಲುಕೆಲಸದ ಮೇಸ್ತ್ರಿ. ಅನುಭವ ಬೇಕಾದಷ್ಟಿದೆ. ಹಳೆಯ ಚರ್ಚೊಂದರ ಗೋಡೆ ದುರಸ್ತಿಗೆ ಕರೆದಿದ್ದಾರೆ, ಆದರೆ ಹಳೆ ಕಟ್ಟಡಗಳ ಕೆಲಸ ಬರುತ್ತದೆ ಅಂತ ತೋರಿಸುವ ಹೆರಿಟೇಜ್ ಸ್ಕಿಲ್ಸ್ ಕಾರ್ಡ್ ಇಲ್ಲದೆ ಒಳಗೆ ಬಿಡಲ್ಲವಂತೆ. ಹಳೆ ಮಾಲೀಕರ ಪತ್ರ ತೋರಿಸಿದರೆ ಆಗಲ್ವಾ?

ಉತ್ತರ: ಆಗಲ್ಲ. ಮೊದಲು ಆಗುತ್ತಿತ್ತು. ಮಾಲೀಕರು ಬರೆದುಕೊಟ್ಟರೆ ಅನುಭವದ ಮೇಲೇ, ಕಟ್ಟಡ ಕೆಲಸಗಾರರ ಕೌಶಲ ತೋರಿಸುವ ಸಿಎಸ್‌ಸಿಎಸ್ ಕಾರ್ಡ್ ಸಿಗುತ್ತಿದ್ದ ಆ ದಾರಿ ಹೊಸಬರಿಗೆ 2010ರಲ್ಲೇ ಮುಚ್ಚಿತು, ಹಾಗೆ ಪಡೆದ ಕಾರ್ಡುಗಳೂ 2024ರ ಡಿಸೆಂಬರ್ 31ಕ್ಕೆ ಮುಗಿದವು. ಈಗ ಮೊದಲು ಅರ್ಹತೆ, ಆಮೇಲೆ ಕಾರ್ಡ್.

ಕಾರ್ಡ್ ಇರಲೇಬೇಕು ಅಂತ ಕಾನೂನಿಲ್ಲ, ಕೇಳುವವರು ಗುತ್ತಿಗೆದಾರರು. ಆದರೆ ಸರ್ಕಾರದ ಸಂರಕ್ಷಣಾ ಪಟ್ಟಿಯಲ್ಲಿರುವ ಹಳೆ ಕಟ್ಟಡದ ಸ್ವರೂಪ ಕೆಡುವಂಥ ಕೆಲಸವನ್ನು ಒಪ್ಪಿಗೆ ಇಲ್ಲದೆ ಮಾಡಿದರೆ 1990ರ ಕಾಯ್ದೆ ಪ್ರಕಾರ ಅದು ಅಪರಾಧ. ಹಾಗಾಗಿ ಉಳಿ ಯಾರ ಕೈಯಲ್ಲಿದೆ ಅಂತ ಅವರು ನೋಡುವುದು ನನಗಂತೂ ಸರಿ ಅನಿಸುತ್ತದೆ.

ನಿಮಗೆ ಬೇಕಾದದ್ದು ಹೆರಿಟೇಜ್ ಸ್ಕಿಲ್ಸ್‌ನ ಎನ್‌ವಿಕ್ಯೂ ಲೆವೆಲ್ 3, ಅಂದರೆ ಮಾಡುವ ಕೆಲಸ ನೋಡಿಯೇ ಕೊಡುವ ವೃತ್ತಿ ಅರ್ಹತೆ. ಅದಿದ್ದರೆ ಗೋಲ್ಡ್ ಕಾರ್ಡ್, ಅದೇ ನಿಮ್ಮ ಹೆರಿಟೇಜ್ ಸ್ಕಿಲ್ಸ್ ಕಾರ್ಡ್. ತರಗತಿ, ಲಿಖಿತ ಪರೀಕ್ಷೆ ಅಂತ ಹೆದರಬೇಡಿ, ಪರಿಶೀಲಕರು ನೀವು ಕೆಲಸ ಮಾಡುವ ಜಾಗಕ್ಕೇ ಬಂದು ನೋಡುತ್ತಾರೆ. ಏನು ನೋಡುತ್ತಾರೆ? ಕಲ್ಲಿನ ಸಂದು ತುಂಬುವುದನ್ನೇ ತಗೊಳ್ಳಿ. 1919ಕ್ಕಿಂತ ಹಿಂದಿನ ಗೋಡೆಗಳಿಗೆ ಹೆಚ್ಚಾಗಿ ಸುಣ್ಣದ ಗಾರೆ ಹಾಕಿರುತ್ತಾರೆ, ಗೋಡೆಯ ತೇವ ಆ ಸಂದಿನಿಂದಲೇ ಆರಿಹೋಗುತ್ತದೆ. ಅಲ್ಲಿ ಸಿಮೆಂಟ್ ತುಂಬಿದರೆ ತೇವ ಮೆತ್ತನೆ ಕಲ್ಲಿನೊಳಗೇ ನಿಂತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಕಲ್ಲಿನ ಮುಖವೇ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಆದ್ದರಿಂದ ಹಳೆ ಗಾರೆಯನ್ನು ಕಲ್ಲಿನ ಅಂಚಿಗೆ ಪೆಟ್ಟಾಗದಂತೆ ಉಳಿಯಿಂದ ಬಿಡಿಸಿದಿರಾ, ಸಂದಿನ ಅಗಲದ ಎರಡರಷ್ಟಾದರೂ ಆಳ ಹೋದಿರಾ, ನೀರು ಚಿಮುಕಿಸಿದಿರಾ, ತುಂಬಿದ ಮೇಲೆ ಒದ್ದೆ ಗೋಣಿತಟ್ಟು ಹೊದಿಸಿದಿರಾ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಗ್ರೈಂಡರ್ ಹಿಡಿದು ಸರಸರ ಕೊಯ್ಯುವ ಅಭ್ಯಾಸ ಇದ್ದರೆ ಈಗಲೇ ಬಿಡಿ.

ಕೆಲಸದ ಮೊದಲು, ನಡುವೆ, ಕೊನೆಗೆ ಫೋಟೋ ತೆಗೆದಿಟ್ಟುಕೊಳ್ಳಿ. ಇದನ್ನು ನೀವೇ ಮಾಡಿದ್ದು ಅಂತ ಸೂಪರ್‌ವೈಸರ್ ಹತ್ತಿರ ಬರೆಸಿ ಸಹಿ ಹಾಕಿಸಿ. ಇದಕ್ಕಿಂತ ಗಟ್ಟಿ ಪುರಾವೆ ಕಡಿಮೆ.

ಇನ್ನು ಕಟ್ಟಡ ಉದ್ಯಮದ ತರಬೇತಿ ಮಂಡಳಿಯಾದ ಸಿಐಟಿಬಿಯ ಆರೋಗ್ಯ, ಸುರಕ್ಷತೆ, ಪರಿಸರ ಪರೀಕ್ಷೆ. ಕಂಪ್ಯೂಟರ್ ಮುಂದೆ 45 ನಿಮಿಷ, 50 ಪ್ರಶ್ನೆ. ಕಾರ್ಡಿಗೆ ಅರ್ಜಿ ಹಾಕುವಾಗ ಪಾಸಾಗಿ ಎರಡು ವರ್ಷ ದಾಟಿರಬಾರದು. ಒಂದೇ ದಿನದಲ್ಲಿ ಕಾರ್ಡ್ ಮಾಡಿಸಿಕೊಡ್ತೀನಿ ಅನ್ನುವವರಿಗೆ ಸುಮ್ನೆ ದುಡ್ಡು ಕೊಡಬೇಡಿ. ಗೇಟಿನಲ್ಲಿ ಕಾರ್ಡ್ ಸ್ಕ್ಯಾನ್ ಮಾಡುತ್ತಾರೆ, ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ.

ಚರ್ಚಿನ ಕೆಲಸ ತಪ್ಪಿಹೋಗುತ್ತಲ್ಲ ಅಂತ ನಿಮಗೆ ಚಿಂತೆ, ಅಲ್ವಾ? ಎನ್‌ವಿಕ್ಯೂಗೆ ಹೆಸರು ನೋಂದಾಯಿಸಿದ ಅನುಭವಿ ಕೆಲಸಗಾರರಿಗೆ ಕೆಂಪು ಬಣ್ಣದ ತಾತ್ಕಾಲಿಕ ಕಾರ್ಡ್ ಇದೆ. ಅದಕ್ಕೂ ಆ ಪರೀಕ್ಷೆ ಪಾಸಾಗಿರಬೇಕು. ನೋಂದಣಿ ಪತ್ರ ಮತ್ತು ಕೆಂಪು ಕಾರ್ಡಿನ ಮೇಲೆ ಒಳಗೆ ಬಿಡುತ್ತೀರಾ ಅಂತ ಗುತ್ತಿಗೆದಾರರನ್ನು ಈ ವಾರವೇ ಕೇಳಿ. ಅವರು ಹೂಂ ಅಂದರೆ, ಆ ಚರ್ಚಿನ ಗೋಡೆಯಲ್ಲೇ ನಿಮ್ಮ ಪರಿಶೀಲನೆಯೂ ನಡೆಯಬಹುದು.